ಘಮ ಐತೇನು, ತಂಗಿ?

ನಮ್ಮ ಮನೆಯಲ್ಲಿ ಒಂದು ಬೈಗುಳ ಇತ್ತು: ನಕಟಾ. ಮರಾಠಿಯ ಮಾತು. ಮೂಗಿಲ್ಲದವನು ಎಂದು ಅರ್ಥ. ಮೂಗೇ ಹೋದವನಿಗೆ ಮಾನ ಎಲ್ಲಿಯದು ಎಂಬ ಲೆಕ್ಕದಲ್ಲಿ ನಾಚಿಕೆಗೆಟ್ಟವನಿಗೂ ಅದೇ ಹೆಸರು. ಉಡುಪಿ ಕಡೆಯಿಂದ ಮದುವೆಯಾಗಿ ಡೊಂಬಿವಲಿಗೆ ಬಂದ ಅಮ್ಮ ಮರಾಠಿಯಲ್ಲಿ ಮೊದಲು ಕಲಿತದ್ದು ತರಕಾರಿಗಳ ಹೆಸರು, ಆಮೇಲೆ ಈ ಬೈಗುಳ. ಹಾಲಿಗೆ ನೀರು ಬೆರೆಸುವವನು ನಕಟಾ, ಲೋಕಲ್ ಟ್ರೈನಿನಲ್ಲಿ ಎದುರು ಸೀಟಿಗೆ ಕಾಲು ಚಾಚುವವಳು ನಕಟಿ, ಓಟು ಕೇಳಿಹೋಗಿ ಮತ್ತೆ ಮುಖ ತೋರಿಸದವನು ದೊಡ್ಡ ನಕಟಾ. ಉಪ್ಪು, ಹುಳಿ ಎನ್ನುವಷ್ಟೇ ಸಲೀಸಾಗಿ ನಾನೂ ಅದನ್ನು ಆಡಿಕೊಂಡು ಬೆಳೆದೆ. ಆ ಬೈಗುಳ ನಮ್ಮ ಮನೆಯೊಳಗೆ ಬಂದದ್ದು ಒಬ್ಬ ಮನುಷ್ಯನ ಮೇಲಿನ ಸಿಟ್ಟಿನಿಂದ ಎಂಬುದಾಗಲಿ, ಆ ಮನುಷ್ಯ ಎಲ್ಲೋ ಬದುಕಿದ್ದಾನೆ ಎಂಬುದಾಗಲಿ ನನಗೆ ಗೊತ್ತಿರಲಿಲ್ಲ. ಗೊತ್ತಾದದ್ದು ಠಾಣೆಯ ಯೇವೂರು ಗುಡ್ಡದಲ್ಲಿ, ಒಂದು ನಾರುವ ಮರದ ನೆವದಿಂದ.

ಆ ಮನುಷ್ಯ ಕಳೆದ ಚಳಿಗಾಲದಲ್ಲಿ ಕಲ್ಯಾಣದ ತಮ್ಮ ಮನೆಯಲ್ಲಿ ತೀರಿಕೊಂಡರು. ಗುಂಪಿನವರೆಲ್ಲ ಅವರನ್ನು ಕಾಕಾ ಎನ್ನುತ್ತಿದ್ದೆವು. ಮರಾಠಿಯವರಿಗೂ ಚಿಕ್ಕಪ್ಪ ಕಾಕಾ, ಅವರ ವಿಜಯಪುರದ ಕಡೆಯವರಿಗೂ ಕಾಕಾ. ಕರಾವಳಿಯ ನಮ್ಮಂಥವರಿಗೆ ಅದು ಬಾಯಿಗೆ ಒಗ್ಗದ ಶಬ್ದವಾದರೂ ಊರಿಗೆ ತಕ್ಕ ಹಾಗೆ ನಾವೂ ಕಾಕಾ ಎಂದೆವು. ನಾನು ಮದುವೆಯಾಗಿ ಠಾಣೆಯ ಕೋಪರಿಗೆ ಬಂದವಳು. ಭಾನುವಾರ ಬೆಳಿಗ್ಗೆ ಠಾಣೆ ಸ್ಟೇಷನ್ನಿನ ಹೊರಗೆ ಸೇರಿ, ಬಸ್ಸು ಹತ್ತಿ ಯೇವೂರಿನ ಕಾಡಿಗೆ ಹೋಗುವ ಹವ್ಯಾಸದವರ ಒಂದು ಗುಂಪಿಗೆ ಆಫೀಸಿನ ಗೆಳತಿ ನನ್ನನ್ನು ಸೇರಿಸಿದಳು. ಅವಳು ಎರಡು ವಾರಕ್ಕೆ ಮೊಣಕಾಲು ನೋವೆಂದು ಕೈಬಿಟ್ಟಳು. ನಾನು ಉಳಿದೆ. ಉಳಿದದ್ದು ಹಕ್ಕಿಗಳಿಗಾಗಿ ಎಂದು ಮನೆಯಲ್ಲಿ ಹೇಳುತ್ತಿದ್ದೆ. ನಿಜ ಹೇಳುವುದಾದರೆ, ಭಾನುವಾರವೂ ಅಡುಗೆಮನೆಯಲ್ಲೇ ಬೆಳಗಾಗುವುದು ನನಗೆ ಸಾಕಾಗಿತ್ತು.

ಕಾಕಾ ಗುಂಪಿನ ಮುಖಂಡರೇನಲ್ಲ. ಹಕ್ಕಿಗಳ ಹೆಸರೂ ಅವರಿಗೆ ಅಷ್ಟಾಗಿ ಗೊತ್ತಿರಲಿಲ್ಲ. ಕುಟ್ರು ಹಕ್ಕಿ ಎಲ್ಲೋ ಕೂತು ಕುಟ್ರು ಕುಟ್ರು ಎಂದು ಬೆಳಗಿಡೀ ಕೂಗಿದರೂ "ಅದಕ್ಕೇನೋ ಬ್ಯಾಸರ ಆಗೇತಿ" ಎನ್ನುವುದಷ್ಟೇ ಅವರ ವಿವರಣೆ. ದುರ್ಬೀನು ತಂದವರು ಎಲೆಗಳ ಮರೆಯಲ್ಲಿ ಭೀಮರಾಜ ಹಕ್ಕಿಯ ಬಾಲ ಹುಡುಕುತ್ತಿದ್ದರೆ ಇವರು ಕೈ ಹಿಂದೆ ಕಟ್ಟಿಕೊಂಡು, ಪಾಳಿಯ ರೌಂಡು ಹೊಡೆಯುವವರ ಹಾಗೆ, ಒಂದೊಂದು ಮರದ ಬುಡಕ್ಕೂ ಹೋಗಿ ನಿಲ್ಲುತ್ತಿದ್ದರು. ಮತ್ತಿ ಮರದ ಮೊಸಳೆ ಚರ್ಮದಂಥ ತೊಗಟೆಯನ್ನು ಬೆರಳ ಗೆಣ್ಣಿನಿಂದ ಎರಡು ಸಲ ತಟ್ಟಿ, ಕಿವಿ ಇಟ್ಟು ಕೇಳುತ್ತಿದ್ದರು. ಏನು ಕೇಳಿಸಿತು ಎಂದರೆ "ಒಳಗ ತುಂಬೇತಿ" ಎನ್ನುವರು. ಟ್ಯಾಂಕು ತಟ್ಟಿ ಎಷ್ಟು ತುಂಬಿದೆ ಎಂದು ಹೇಳುವ ಕಾರ್ಖಾನೆಯ ಅಭ್ಯಾಸ ಅದು. ಕಂಪನಿಯಲ್ಲಿದ್ದೆ ಎಂದು ಹೇಳಿಕೊಂಡಿದ್ದರು. ಯಾವ ಕಂಪನಿ ಎಂದರೆ "ಇತ್ತು ಬಿಡ್ರಿ ಒಂದು" ಎಂದು ಮಾತು ತೇಲಿಸುತ್ತಿದ್ದರು.

ಕಾಡಿನ ಗೇಟು ದಾಟಿದ ಕೂಡಲೇ ಅವರ ಮೊದಲ ಕೆಲಸ ಗಾಳಿ ನೋಡುವುದು. ತೋರುಬೆರಳನ್ನು ನಾಲಿಗೆಗೆ ತಾಗಿಸಿ ಮೇಲೆತ್ತಿ ಹಿಡಿದು, ಯಾವ ಮಗ್ಗುಲು ತಣ್ಣಗಾಯಿತೋ ಆ ಕಡೆಗೆ ಮುಖ ಮಾಡಿ ನಡೆಯಬೇಕು ಎನ್ನುತ್ತಿದ್ದರು. "ಗಾಳಿಗೆ ಎದುರ ಹೋಗ್ರಿ. ನಮ್ಮ ನಾತ ಅವಕ್ಕ ಮುಟ್ಟಬಾರದು." ಅವು ಎಂದರೆ ಜಿಂಕೆ, ಕಾಡುಹಂದಿ, ಮುಂಗುಸಿ. ಒಮ್ಮೆ ಹಾಗೆ ಹೋಗಿಯೇ ತಿರುವಿನಲ್ಲಿ ಒಂದು ಕಡವೆ ಎದುರಾಯಿತು. ಅದು ನಮ್ಮನ್ನು ನೋಡಿತು, ಮೂಗನ್ನು ಎತ್ತಿ ಗಾಳಿಯಲ್ಲಿ ಏನನ್ನೋ ಹುಡುಕಿತು, ಸಿಗದೆ ಮತ್ತೆ ಮೇಯತೊಡಗಿತು. ಎಲ್ಲರೂ ಕಡವೆಯ ಕೊಂಬು ನೋಡುತ್ತಿದ್ದರೆ ಕಾಕಾ ಅದರ ಮೂಗನ್ನೇ ನೋಡುತ್ತ ನಿಂತಿದ್ದರು. ಆಗ ನನಗೆ ಅದರಲ್ಲೇನೂ ವಿಶೇಷ ಕಾಣಲಿಲ್ಲ.

ಮಳೆಗಾಲದಲ್ಲಿ ಕಾಲುದಾರಿಯ ಮೇಲೆ ಬೆರಳ ಉಗುರಿನಷ್ಟು ದೊಡ್ಡ ಏಡಿಗಳು ಓಡಾಡುತ್ತವೆ. ಒಂದು ಏಡಿ ತನ್ನ ಬಿಲದ ಮಣ್ಣನ್ನು ಉಂಡೆ ಉಂಡೆಯಾಗಿ ಹೊರಗೆ ತಂದು ಇಡುತ್ತಿದ್ದುದನ್ನು ಕಂಡು ಕಾಕಾ ಇಡೀ ಗುಂಪನ್ನು ನಿಲ್ಲಿಸಿದ್ದರು. "ನಿಂದರ್ರಿ, ಮನಿ ಕಸ ಹೊಡ್ಯಾಕತ್ತೈತಿ. ಮುಗಿಸಲಿ." ನಾವು ಕೆಸರಿನಲ್ಲಿ ಕಾಲು ಬದಲಿಸುತ್ತ ನಿಂತೆವು. ಹಿಂದಿನಿಂದ ಬಂದ ಇನ್ನೊಂದು ಗುಂಪಿನವರು ಏನಾದರೂ ಚಿರತೆಯೋ ಎಂದು ಗಾಬರಿಯಿಂದ ಇಣುಕಿ ನೋಡಿ, ಏಡಿ ಎಂದು ತಿಳಿದ ಮೇಲೆ ನಮ್ಮನ್ನೇ ವಿಚಿತ್ರವಾಗಿ ನೋಡಿಕೊಂಡು ಹೋದರು.

ಅವರ ಬುತ್ತಿಯೂ ತಮಾಷೆಯದು. ಜೋಳದ ರೊಟ್ಟಿ, ಶೇಂಗಾ ಚಟ್ನಿ, ಮೇಲೆ ಮುಷ್ಟಿ ತುಂಬ ಹಸಿಮೆಣಸಿನಕಾಯಿ. ಸೌತೆಕಾಯಿ ಕಡಿದ ಹಾಗೆ ಮೆಣಸಿನಕಾಯಿ ಕಡಿಯುವರು. ನೋಡಿದ ನಮಗೆ ಕಣ್ಣಲ್ಲಿ ನೀರು ಬರಬೇಕು, ಅವರು ತಣ್ಣಗೆ. "ಕಾಕಾ, ಹೊಟ್ಟೆಯೋ ಒಲೆಯೋ?" ಎಂದು ನಾನು ಕೆಣಕಿದರೆ, "ಉರಿ ಒಂದ ನೋಡು ತಂಗಿ ಖಾತ್ರಿ ಗೊತ್ತಾಗೋದು" ಎಂದು ನಕ್ಕಿದ್ದರು. ಅದನ್ನೂ ನಾನು ಬಯಲುಸೀಮೆಯವರ ಖಾರದ ಜಂಬ ಎಂದೇ ತಿಳಿದೆ.

ಆದರೆ ಗುಂಪಿನಲ್ಲಿ ಅವರು ಹೆಸರಾಗಿದ್ದುದು ಇದಾವುದಕ್ಕೂ ಅಲ್ಲ, ಅವರ ಒಂದು ಪ್ರಶ್ನೆಗೆ. ಬಿದ್ದ ಎಲೆಯನ್ನೋ ಹೂವನ್ನೋ ಎತ್ತಿ, ಅಂಗೈಯಲ್ಲಿ ತಿಕ್ಕಿ, ನಮ್ಮ ಮೂಗಿನ ಹತ್ತಿರ ಹಿಡಿದು ಕೇಳುತ್ತಿದ್ದರು: "ಘಮ ಐತೇನು, ತಂಗಿ?" ಇದೆ ಎಂದರೆ ಸಾಲದು. ಹೇಗಿದೆ, ಯಾವುದರ ಹಾಗಿದೆ ಎಂದು ಹೇಳಬೇಕು. ಬೇಸಿಗೆಯ ಮೊದಲಲ್ಲಿ ಹಿಪ್ಪೆಯ ಹೂ ಉದುರಿದಾಗ ಒಬ್ಬರು ಹುಳಿ ಬಂದ ದ್ರಾಕ್ಷಿಯ ಹಾಗೆ ಎಂದರು, ಇನ್ನೊಬ್ಬರು ಬಾಸ್ಮತಿ ಅನ್ನದ ಹಾಗೆ ಎಂದರು, ನಾನು ಅಜ್ಜಿಯ ಪೆಟ್ಟಿಗೆಯ ಹಳೆ ರೇಷ್ಮೆಸೀರೆಯ ಹಾಗೆ ಎಂದೆ. ಕಾಕಾ ಕಣ್ಣು ಮುಚ್ಚಿಕೊಂಡು ಕೇಳಿ, "ರೇಷ್ಮಿಸೀರಿ... ಹಂಗ ಹೇಳು ಮತ್ತ" ಎಂದರು. ಪರೀಕ್ಷೆಯಲ್ಲಿ ಪಾಸಾದ ಹುಡುಗಿಯಂತೆ ನಾನು ಉಬ್ಬಿದೆ. ಮೇಷ್ಟ್ರುಗಳು ಉತ್ತರ ಗೊತ್ತಿದ್ದೂ ಕೇಳುತ್ತಾರಲ್ಲ, ಹಾಗೆ ಕಾಕಾ ನಮ್ಮ ಮೂಗನ್ನು ಪಳಗಿಸುತ್ತಿದ್ದಾರೆ ಎಂದು ನಾವೆಲ್ಲ ನಂಬಿದ್ದೆವು. ಅವರಿಗೆ ಉತ್ತರ ಗೊತ್ತಿರಲಿಕ್ಕಿಲ್ಲ ಎಂದು ಒಬ್ಬರಿಗಾದರೂ ಹೊಳೆಯಲಿಲ್ಲ.

ಅದೊಂದು ಮಾರ್ಚಿನ ಭಾನುವಾರ. ತೇಗದ ಎಲೆಗಳು ಒಣಗಿ ಕಾಲಡಿ ಹಪ್ಪಳದ ಹಾಗೆ ಮುರಿಯುತ್ತಿದ್ದವು. ಗೇಟಿನಿಂದ ಸ್ವಲ್ಪ ಒಳಗೆ ರಸ್ತೆಯ ಪಕ್ಕದಲ್ಲೇ ಒಂದು ದೊಡ್ಡ ಮರ ಇದೆ. ಮರಾಠಿಯವರು ಅದನ್ನು ಜಂಗಲಿ ಬದಾಮ್ ಎನ್ನುತ್ತಾರೆ, ನಮ್ಮ ಕಡೆ ಪೀನಾರಿ. ಆ ಹೆಸರು ಇಟ್ಟವರು ಸುಮ್ಮನೆ ಇಟ್ಟಿಲ್ಲ. ಎಲೆಯೆಲ್ಲ ಉದುರಿಸಿಕೊಂಡು ಮೈತುಂಬ ಕಂದುಗೆಂಪು ಹೂಗೊಂಚಲು ಬಿಟ್ಟು ನೋಡಲು ಚೆಂದವಾಗಿ ನಿಂತಿತ್ತು. ಹತ್ತಿರ ಹೋದರೆ ಪಾಯಿಖಾನೆಯ ನಾತ. ಒಬ್ಬರು ಕರವಸ್ತ್ರ ಹುಡುಕಿದರು, ಇನ್ನೊಬ್ಬರು ದುಪಟ್ಟಾ ಸುತ್ತಿಕೊಂಡರು, ಯಾರೋ ತಮ್ಮ ಚಪ್ಪಲಿಯ ಅಡಿಯನ್ನು ಎತ್ತಿ ನೋಡಿಕೊಂಡರು. ಮುಂದೆ ಹೋಗಿದ್ದ ಕಾಕಾ ಮರದ ಬುಡದಲ್ಲಿ ಬಗ್ಗಿ ಒಂದು ಹೂ ಎತ್ತಿಕೊಂಡರು. ಮೂಗಿಗೆ ಹಿಡಿದು ಎದೆ ತುಂಬ ಉಸಿರೆಳೆದರು. ಆಮೇಲೆ ನನ್ನ ಕಡೆ ಚಾಚಿ, "ಘಮ ಐತೇನು, ತಂಗಿ?" ಎಂದರು.

ಎಲ್ಲರೂ ಹೋ ಎಂದು ನಕ್ಕರು. ಕಾಕಾನ ಜೋಕು ಎಂದುಕೊಂಡರು. ಕಾಕಾ ಕೂಡ ನಕ್ಕರು, ಆದರೆ ಉಳಿದವರು ನಕ್ಕ ಮೇಲೆ. ಅವರ ಕಣ್ಣು ಒಂದು ಮುಖದಿಂದ ಇನ್ನೊಂದಕ್ಕೆ, ಕರವಸ್ತ್ರದಿಂದ ದುಪಟ್ಟಾಕ್ಕೆ ಓಡುತ್ತಿತ್ತು. ಪರಭಾಷೆಯವರ ನಡುವೆ ಸಿಕ್ಕಿಕೊಂಡವನು ಇವರು ಯಾಕೆ ನಗುತ್ತಿದ್ದಾರೆ ಎಂದು ಹುಡುಕುವ ಹಾಗೆ. ಗುಂಪು ಮುಂದೆ ಹೋದ ಮೇಲೆ ನಾನು ಮೆಲ್ಲನೆ ಹೇಳಿದೆ:

"ಕಾಕಾ, ಇದು ನಾರುತ್ತದೆ."

"ಹೌದಾ?" ಎಂದರು. ಹೂವನ್ನು ಎಸೆಯಲಿಲ್ಲ, ಎತ್ತಿದ ಜಾಗದಲ್ಲೇ ಇಟ್ಟರು. ಅವರ ಕಿವಿ ಕೆಂಪಾಗಿದ್ದವು.

ಹಿಂತಿರುಗುವಾಗ ಒಣಗಿದ ತೊರೆಯ ಬಂಡೆಯ ಮೇಲೆ ಕೂತು ಅವರಾಗಿಯೇ ಮಾತು ತೆಗೆದರು.

"ಮೂಗು ಸತ್ತು ಭಾಳ ವರ್ಷ ಆತು, ತಂಗಿ. ಕಂಪನಿಯೊಳಗ ಹೋತು. ಮೊದಲ ಗೊತ್ತಽ ಆಗಲಿಲ್ಲ. ಅಡಗಿ ಕೆಡಸ್ತಿ ಅಂತ ಮನಿಯಾಕಿಗೆ ಬೈತಿದ್ದೆ."

"ಯಾರಿಗೂ ಹೇಳಲಿಲ್ಲವಾ?"

"ನಾಚಿಕಿ. ಕೈ ಹೋದ್ರ ಮಂದಿಗೆ ಕಾಣತೈತಿ. ಇದನ್ನ ಹೇಳಿದ್ರ ನಂಬಬೇಕಲ್ಲ."

ಬಣ್ಣ ತಯಾರಿಸುವ ಕಂಪನಿ ಅದು, ಡೊಂಬಿವಲಿಯ ಎಂಐಡಿಸಿ ಕೈಗಾರಿಕಾ ವಸಾಹತಿನಲ್ಲಿ. ಮೂಟೆ ಹೊರಲು ಸೇರಿದವರು ಪಾಳಿಯ ಸೂಪರ್‌ವೈಸರ್ ಆಗಿದ್ದರು. ಎಂಐಡಿಸಿ ಎಂದ ಕೂಡಲೇ ನಾನು ನೆಟ್ಟಗೆ ಕೂತೆ. ನಾನು ಹುಟ್ಟಿ ಬೆಳೆದದ್ದು ಅಲ್ಲಿಯೇ, ಕಾರ್ಖಾನೆಗಳಿಗೆ ಬೆನ್ನು ತಾಗಿಸಿಕೊಂಡ ವಸತಿಯಲ್ಲಿ. ಅಮ್ಮ ಇವತ್ತಿಗೂ ಅದೇ ಮನೆಯಲ್ಲಿದ್ದಾಳೆ.

"ಒಂದಿನ ಕಾಲೊನಿ ಹೆಂಗಸರೆಲ್ಲ ಗೇಟಿಗೆ ಬಂದ್ರು. ವಾಸನಿ ತಡ್ಯಾಕ ಆಗವಲ್ದು ಅಂದ್ರು. ಸಾಹೇಬ್ರು ಒಳಗ ಕುಂತು ನನ್ನ ಹೊರಗ ಕಳಿಸಿದ್ರು. ನಾ ಅಂದೆ, ನನಗೇನೂ ಬರವಲ್ದು ಅಂತ. ಸುಳ್ಳಲ್ಲ ತಂಗಿ, ಖರೇನ ಬರತಿರಲಿಲ್ಲ. ಅದರಾಗ ಒಬ್ಬಾಕಿ ಕೂಸಿನ ಫ್ರಾಕ್ ತಂದಿದ್ಲು. ಒಗದು ಒಣಗಿಸಿದ್ದು. ಹಳದಿ ಬಣ್ಣ. ನನ್ನ ಮೂಗಿಗೆ ಹಿಡದು ಮೂಸಿ ನೋಡಿ ಅಂದ್ಲು, ನಿನ್ನಂಗ ಉಡಪಿ ಮಾತು. ನಾ ಮೂಸಿದೆ. ಏನೂ ಇಲ್ಲ ಅಂದೆ. ಆಕಿ ನನ್ನ ಮುಖ ನೋಡಿ ನಕಟಾ ಅಂದ್ಲು. ಅವತ್ತಿಂದ ಕಾಲೊನಿ ಪೂರಾ ನನಗ ಅದಽ ಹೆಸರು."

ನಮ್ಮ ಆಲ್ಬಮ್ಮಿನಲ್ಲಿ ಹಳದಿ ಫ್ರಾಕು ತೊಟ್ಟ ನನ್ನ ಫೋಟೋ ಒಂದಿದೆ. ಅದನ್ನು ನೋಡಿದಾಗಲೆಲ್ಲ ಅಮ್ಮ ಹೇಳುವುದಿತ್ತು: "ಎಷ್ಟು ಒಗೆದರೂ ಅದರ ನಾತ ಹೋಗಲಿಲ್ಲ. ಕಡೆಗೆ ಒಲೆ ಒರೆಸಲು ತೆಗೆದೆ." ನನಗೆ ಬಂಡೆಯ ಮೇಲೆ ಕೂತಿರಲಾಗಲಿಲ್ಲ. ಹಾಲಿನವನಿಗೂ ರೈಲಿನವಳಿಗೂ ನಾವು ಹಂಚಿದ ಮಾತಿನ ಮೂಲ ಧಣಿ ಎದುರಿಗೆ ಕೂತು ನನಗೆ ಶೇಂಗಾ ಚಟ್ನಿ ಕೊಡುತ್ತಿದ್ದ.

"ನಿಮಗೆ ವಾಸನೆ ಬರುತ್ತಿರಲಿಲ್ಲ ಎಂದ ಮೇಲೆ ನಿಮ್ಮ ತಪ್ಪೇನು, ಕಾಕಾ?" ಎಂದೆ. ಅವರಿಗಾಗಿ ಕೇಳಿದೆನೋ ನನ್ನ ಸಮಾಧಾನಕ್ಕೆ ಕೇಳಿದೆನೋ ಗೊತ್ತಿಲ್ಲ.

"ಮೂಗು ಇರಲಿಲ್ಲ, ಕಣ್ಣು ಇದ್ದುವಲ್ಲ. ಅಷ್ಟೂ ಮಂದಿ ಸೆರಗು ಮೂಗಿಗೆ ಒತ್ತಿ ಹಿಡಿದು ನಿಂತಿದ್ರು. ಅದು ಕಾಣತಿತ್ತು. ಗಾಳಿ ಕಾಲೊನಿ ಕಡಿ ಐತಿ ಅನ್ನೋದೂ ಗೊತ್ತಿತ್ತು. ಆದ್ರೂ ಇಲ್ಲ ಅಂದೆ. ಖರೆ ಮಾತನ್ನಽ ಸುಳ್ಳಿನಂಗ ಬಳಸಿದೆ."

ಆಗ ಹೇಳಿದೆ, ಆ ಫ್ರಾಕು ನನ್ನದು ಎಂದು. ಕಾಕಾ ಎದ್ದು ನಿಂತರು. ನನ್ನ ಅಪ್ಪನ ವಯಸ್ಸಿನ ಮನುಷ್ಯ, ಒಣ ತೊರೆಯ ನಡುವೆ ನಿಂತು ನನಗೆ ಕೈ ಮುಗಿದರು. ನಾನು ಆ ಕೈಗಳನ್ನು ಹಿಡಿದು ಬಿಡಿಸಿದೆ. ಇಬ್ಬರಿಗೂ ಎಲ್ಲಿ ನೋಡಬೇಕೆಂದು ತಿಳಿಯದೆ ಬಂಡೆಯ ಮೇಲಿನ ಇರುವೆಗಳನ್ನು ನೋಡಿದೆವು.

"ಫ್ರಾಕ್ ತಂದ ಅಕ್ಕಾರು ಅದಾರೇನು?"

"ಇದ್ದಾರೆ."

"ಒಮ್ಮೆ ಬರ್ಲೇನು? ತಪ್ಪಾತು ಅಂತ ಅಂದು ಹೋಗತೀನಿ. ಅದೊಂದು ಉಳದೈತಿ. ಆದ್ರ ಮೂಗಿನ ಸುದ್ದಿ ಹೇಳಬ್ಯಾಡ, ತಂಗಿ. ನೆವ ಹೇಳಾಕ ಬಂದಾನ ಅಂತಾರ."

ಬರುತ್ತೇನೆ ಎಂದವರು ಬರಲು ಮಳೆಗಾಲ ಹಿಡಿಯಿತು. ಒಂದು ವಾರ ರೈಲು ತಡ, ಒಂದು ವಾರ ನೆಗಡಿ. ಮೂಗಿಲ್ಲದವರಿಗೂ ನೆಗಡಿಯ ನೆವ ಬೇಕಾಗುತ್ತದೆ. ಕಡೆಗೆ ಒಂದು ಸಂಜೆ ಇಸ್ತ್ರಿ ಮಾಡಿದ ಬಿಳಿ ಅಂಗಿಯಲ್ಲಿ ಅಮ್ಮನ ಮನೆಗೆ ಬಂದರು. ನನ್ನ ಜತೆ ಗುಡ್ಡಕ್ಕೆ ಬರುವ ಕಾಕಾ ಎಂದಷ್ಟೇ ಅಮ್ಮನಿಗೆ ಹೇಳಿದ್ದೆ. ಬಾಗಿಲು ತೆರೆದ ಅಮ್ಮ ಒಂದು ಗಳಿಗೆ ಅವರ ಮುಖ ನೋಡಿದಳು. ಆಮೇಲೆ ನನ್ನ ಮುಖ ನೋಡಿದಳು, ಮನೆಗೆ ಹಾವು ತಂದವಳನ್ನು ನೋಡಿದ ಹಾಗೆ. ಗುರುತು ಹತ್ತಿತ್ತು. ಆದರೂ ಬಾಗಿಲಿಗೆ ಬಂದವರು. "ಬನ್ನಿ, ಕೂತ್ಕೊಳ್ಳಿ" ಎಂದು ಒಳಗೆ ಹೋಗಿ ಕಾಫಿಗೆ ಇಟ್ಟಳು. ಪಾತ್ರೆಗಳು ಬೇಕಾದ್ದಕ್ಕಿಂತ ಜೋರಾಗಿ ಸದ್ದು ಮಾಡಿದವು.

ಕಾಫಿ ಬಂತು. ಅಮ್ಮ ಎದುರು ಕೂತಳು. ಕಾಕಾ ಲೋಟವನ್ನು ಮುಟ್ಟದೆ, ಕಲಿತು ಬಂದ ಮಾತನ್ನು ಬಾಯಿಯೊಳಗೇ ತಿರುವುತ್ತ ಕೂತಿದ್ದರು. ಅಷ್ಟರಲ್ಲಿ ಒಂದು ಪಾರಿವಾಳ ಕಿಟಕಿಯಲ್ಲಿ ಬಂದು ಕೂತು ಒಳಗೆ ಇಣುಕಿತು. ಒಳಗೆ ಬಂದರೆ ಫ್ಯಾನಿನ ಮೇಲೆ ಗೂಡು ಕಟ್ಟುವ ಜಾತಿ. ಅಮ್ಮ ಎದ್ದು ಹೋಗಿ ಅದನ್ನು ಓಡಿಸಿ ಕಿಟಕಿ ಮುಚ್ಚಿದಳು. ಕಾಕಾ ಕೂತಿದ್ದದ್ದು ಕಿಟಕಿಗೆ ಬೆನ್ನು ಮಾಡಿ. ಅವರಿಗೆ ಕಂಡದ್ದು ಪಾರಿವಾಳವಲ್ಲ, ಕಿಟಕಿ ಮುಚ್ಚಲು ಅವಸರದಿಂದ ಎದ್ದ ಅಮ್ಮ. ಅವರ ಮುಖದಲ್ಲಿ ಏನೋ ನಿರ್ಧಾರವಾಯಿತು.

"ಹೌದ್ರಿ ಅಕ್ಕಾರ," ಎಂದರು, "ಇವತ್ತ ಭಾಳ ನಾತ ಐತಿ. ಮೂಗು ಬಿಡಾಕ ಆಗವಲ್ದು."

ಹೊರಗೆ ಯಾವ ನಾತವೂ ಇರಲಿಲ್ಲ. ಬೆಳಗಿನಿಂದ ಸುರಿದ ಮಳೆ ಎಲ್ಲವನ್ನೂ ತೊಳೆದಿತ್ತು, ಗಾಳಿ ಬೇರೆ ನಮ್ಮ ಕಡೆಯಿಂದ ಕಾರ್ಖಾನೆಗಳ ಕಡೆಗೆ ಬೀಸುತ್ತಿತ್ತು. ಗುಡ್ಡದಲ್ಲಿ ಬೆರಳು ಒದ್ದೆ ಮಾಡಿ ಗಾಳಿ ನೋಡುವ ಮನುಷ್ಯ ಅವತ್ತು ಗಾಳಿ ನೋಡುವುದನ್ನೇ ಮರೆತಿದ್ದರು. ಕೋಣೆಯೊಳಗೆ ಇದ್ದುದು ಹೊಸ ಡಿಕಾಕ್ಷನ್ನಿನ ಪರಿಮಳ, ಮತ್ತೆ ಊರಿಂದ ಯಾರೋ ತಂದುಕೊಟ್ಟು ದೇವರ ಮುಂದೆ ಇಟ್ಟಿದ್ದ ಮಲ್ಲಿಗೆ ಚೆಂಡಿನದು. ಆ ಮಲ್ಲಿಗೆಯ ಪಕ್ಕದಲ್ಲೇ ಕೂತು ಕಾಕಾ ನಾತ ಎನ್ನುತ್ತಿದ್ದರು.

ಅಮ್ಮನ ಕೈ ಕಿಟಕಿಯ ಚಿಲಕದ ಮೇಲೆಯೇ ನಿಂತಿತು. ಹಾಲು ಕೆಡುವ ಮೊದಲೇ ಬಾಗಿಲಲ್ಲಿ ನಿಂತು ಹೇಳುವ ಮೂಗು ಅವಳದು, ತಲೆಯೂ ಅಷ್ಟೇ ಚುರುಕು. ಮಲ್ಲಿಗೆಯನ್ನು ನೋಡಿದಳು. ಆರುತ್ತಿದ್ದ ಕಾಫಿಯನ್ನು ನೋಡಿದಳು. ಕಾಕಾನ ಮುಖವನ್ನು, ಆ ಮುಖದ ನಡುವಿನ ಮೂಗನ್ನು ನೋಡಿದಳು. ನಾನು ತಲೆ ತಗ್ಗಿಸಿದೆ. ನನ್ನ ತಗ್ಗಿದ ತಲೆಯಲ್ಲಿ ಅವಳಿಗೆ ಉಳಿದದ್ದೂ ಸಿಕ್ಕಿರಬೇಕು.

"ಹೌದು ಮಾರಾಯ್ರೆ," ಎಂದಳು ಅಮ್ಮ. "ಇವತ್ತು ಸ್ವಲ್ಪ ಜಾಸ್ತಿಯೇ ಉಂಟು."

ಕಾಕಾ ಉಸಿರು ಬಿಟ್ಟರು. "ಆವತ್ತೂ ಇತ್ರಿ. ನಾ ಇಲ್ಲ ಅಂದೆ. ತಪ್ಪಾತು."

"ಕಾಫಿ ಆರ್ತದೆ, ಕುಡೀರಿ" ಎಂದಳು. ಅವರು ಕುಡಿದು, ಲೋಟ ಕೆಳಗಿಟ್ಟು, ಕಾಫಿ ಚಲೋ ಘಮ ಐತಿ ಎಂದು ಹೇಳಿ ಹೊರಟರು. ಅದು ಅವರ ರೂಢಿಯ ಮಾತು.

ಅವರು ಮೆಟ್ಟಿಲಿಳಿದ ಮೇಲೆ ಅಮ್ಮ ಕಿಟಕಿ ತೆರೆದಳು. ಪಾರಿವಾಳ ಮತ್ತೆ ಬಂತು, ಓಡಿಸಲಿಲ್ಲ.

"ನನಗೆ ಒಂದು ಮಾತು ಹೇಳ್ಬಾರದಿತ್ತಾ ನಿನಗೆ?"

"ಹೇಳಬೇಡ ಅಂದಿದ್ದರು."

"ಮೂಗಿಲ್ಲದವರ ಮೂಗಿಗೆ ಫ್ರಾಕು ಹಿಡಿದೆನಲ್ಲ ನಾನು. ಊರಿಡೀ ಹೆಸರಿಟ್ಟೆ." ಖಾಲಿ ಲೋಟ ಎತ್ತಿಕೊಂಡು, "ನಾತ ಇದ್ದದ್ದು ಮಾತ್ರ ಸುಳ್ಳಲ್ಲ" ಎಂದಳು. ಅದೂ ನಿಜವೇ. ನಾತ ಇತ್ತು, ನನ್ನ ಫ್ರಾಕು ಕೆಟ್ಟಿತ್ತು, ಒಳಗೆ ಕೂತಿದ್ದ ಸಾಹೇಬರಿಗೆ ಯಾರೂ ಯಾವ ಹೆಸರನ್ನೂ ಇಡಲಿಲ್ಲ. ನಮ್ಮ ಕೈಗೆ ಸಿಕ್ಕಿದ್ದು ಹೊರಗೆ ನಿಂತವನ ಮೂಗು. ಆ ಬೈಗುಳ ಅವತ್ತಿನಿಂದ ನಮ್ಮ ಮನೆಯಲ್ಲಿ ಕೇಳಿಸಿಲ್ಲ. ಹಾಲಿಗೆ ನೀರು ಬೆರೆಸುವವನು ಈಗ ಬರೀ ಕಳ್ಳ.

ಆಮೇಲೂ ಕಾಕಾ ಗುಡ್ಡಕ್ಕೆ ಬರುತ್ತಿದ್ದರು, ಎಲೆ ತಿಕ್ಕಿ ಕೇಳುತ್ತಿದ್ದರು. ನಾನು ಯೋಚಿಸಿ ಉತ್ತರ ಕೊಡಲು ಕಲಿತೆ. ಆದರೆ ಗೊತ್ತಾದ ಮೇಲೆ ಕಣ್ಣಿಗೆ ಬೀಳುವ ಸಂಗತಿಗಳೇ ಬೇರೆ. ಮೊದಲ ಮಳೆ ಬಿದ್ದು ಎಲ್ಲರೂ ಆಹಾ ಮಣ್ಣಿನ ವಾಸನೆ ಎಂದು ಮುಖ ಮೇಲೆತ್ತಿದಾಗ ಕಾಕಾ ಬಗ್ಗಿ ಬೂಟಿನ ಲೇಸು ಕಟ್ಟಿಕೊಳ್ಳುತ್ತಿದ್ದರು. ಪ್ರತಿ ವರ್ಷವೂ ಕಟ್ಟಿಕೊಂಡಿರಬೇಕು. ಎಷ್ಟೊಂದು ಭಾನುವಾರ ಅವರ ಪಕ್ಕದಲ್ಲೇ ನಡೆದು ಏಡಿಯ ಬಿಲ, ಜೇಡರ ಬಲೆ, ಕಡವೆಯ ಕೊಂಬು ಎಲ್ಲವನ್ನೂ ನೋಡಿದ ನನಗೆ, ಪ್ರಕೃತಿ ವೀಕ್ಷಣೆ ಎಂದು ಹೆಮ್ಮೆಯಿಂದ ಹೇಳಿಕೊಳ್ಳುವಾಗ ಈಗಲೂ ಮುಖ ಬಿಸಿಯಾಗುತ್ತದೆ.

ಕಾಕಾ ತೀರಿಕೊಂಡ ಮೇಲೆ ಅಮ್ಮನಿಗೆ ಪೀನಾರಿ ಹೂವಿನ ಕಥೆ ಹೇಳಿದ್ದೆ. ಈ ಮಾರ್ಚಿನಲ್ಲಿ ಅವಳು ತಾನಾಗಿಯೇ ಕೇಳಿದಳು, ಆ ಮರ ಎಲ್ಲುಂಟು ಎಂದು. ಮರ ಗೇಟಿನಿಂದ ದೂರವೇನಿಲ್ಲ. ಗೇಟಿನವರೆಗೆ ರಿಕ್ಷಾದಲ್ಲಿ ಹೋಗಿ, ಅಲ್ಲಿಂದ ನನ್ನ ತೋಳು ಹಿಡಿದು ನಡೆದಳು. ಪೀನಾರಿ ಮೈತುಂಬ ಹೂ ಬಿಟ್ಟಿತ್ತು. ದಾರಿಯಲ್ಲಿ ಹೋಗುವವರೆಲ್ಲ ಮೂಗು ಮುಚ್ಚಿಕೊಂಡು ಬೇಗ ಬೇಗ ದಾಟುತ್ತಿದ್ದರು. ನಾನೂ ದುಪಟ್ಟಾಕ್ಕೆ ಕೈ ಹಾಕಿದೆ. ಜೀವಮಾನವಿಡೀ ಮೂಗಿಗೆ ಸೆರಗು ಹಿಡಿದು ಬದುಕಿದ ಅಮ್ಮ ಆ ಸೆರಗನ್ನು ಎಳೆದು ಸೊಂಟಕ್ಕೆ ಸಿಕ್ಕಿಸಿಕೊಂಡಳು. ಕಷ್ಟಪಟ್ಟು ಬಗ್ಗಿ ಒಂದು ಹೂ ಎತ್ತಿದಳು. ಮೂಗಿಗೆ ಹಿಡಿದು ಉಸಿರೆಳೆದಳು, ಅವಳ ಕಣ್ಣಲ್ಲಿ ನೀರು ಬಂತು, ಆದರೂ ಇಳಿಸಲಿಲ್ಲ.

"ಘಮ ಉಂಟು ಮಾರಾಯ್ರೆ" ಎಂದಳು.

ನನ್ನನ್ನು ಅಮ್ಮ ಯಾವತ್ತೂ ಮಾರಾಯ್ರೆ ಎಂದು ಕರೆದವಳಲ್ಲ.